ಇಂದಿನಿಂದ ಈ ಮನೆಯಲ್ಲಿ ಎಳ್ಳಿಲ್ಲ

ಅತ್ತೆ,

ಮಗು ತಾಲೀನಳನ್ನು ಆಸ್ಪತ್ರೆಯಿಂದ ಕರೆತರಲು ಹೊರಟಿದ್ದೇನೆ. ನೀವು ಚರ್ಚಿನಿಂದ ಬಂದು ಅಡುಗೆಮನೆ ನೋಡಿ ಗಾಬರಿಯಾಗಬೇಡಿ. ಎಳ್ಳು ಅರೆದ ತಹೀನಿಯ ಡಬ್ಬಿಗಳು, ಎಳ್ಳಿನ ಹಲ್ವಾ, ನೀವೇ ಕುಟ್ಟಿ ಎಳ್ಳು ಬೆರೆಸಿದ ಝಾತರ್ ಪುಡಿ, ಎಲ್ಲವನ್ನೂ ಕೆಳಮನೆಯ ಉಮ್ ರಾಮಿಗೆ ಕೊಟ್ಟುಬಿಟ್ಟೆ. ಕೇಳದೆ ಕೊಟ್ಟೆ. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ.

ಮಾವನವರ ಉಪ್ಪಿಲ್ಲದ ಬೇಳೆ ಸಾರು ಚಿಕ್ಕ ಪಾತ್ರೆಯಲ್ಲಿದೆ. ನಿಮ್ಮ ಮಗ ಘಸ್ಸಾನ್‌ಗೆ ಮಾಂಸ ಒಲೆಯ ಮೇಲಿದೆ. ದ್ರಾಕ್ಷಿ ಎಲೆಯ ಸುರುಳಿಗಳನ್ನು ನಮ್ಮ ತವರಿನ ಅರ್ಮೇನಿಯನ್ನರ ಹಾಗೆಯೇ ಮಾಡಿದ್ದೇನೆ, ನಿಮಗೆ ಹುಳಿ ಸಾಲದಿದ್ದರೆ ನಿಂಬೆ ಹಿಂಡಿಕೊಳ್ಳಿ. ನಿಮ್ಮ ಮಗಳು ಎಂದಿನಂತೆ ಎಳ್ಳಿನ ರೊಟ್ಟಿ ತಂದರೆ ಹೊಸಿಲಾಚೆಯೇ ತಿಂದು, ಕೈ ತೊಳೆದು ಒಳಗೆ ಬರಲಿ. ಬೇಜಾರಾದರೆ ಆಗಲಿ.

ಮೊನ್ನೆ ಎಳ್ಳು ಒಗ್ಗದ ಮಗುವಿಗೆ ತಹೀನಿ ಬೆರೆಸಿದ ಕಡಲೆ ಉಣಿಸಿ, "ಒಂದೇ ಚಮಚ ಕಣೇ, ನಾವೆಲ್ಲ ಇದನ್ನೇ ತಿಂದು ಬೆಳೆದೋರು, ಅಭ್ಯಾಸ ಆಗ್ಲಿ ಬಿಡು" ಅಂದಿರಿ. ನೀವು ಮಾತು ಮುಗಿಸುವಷ್ಟರಲ್ಲಿ ಅವಳ ತುಟಿ ಊದಿ ಉಸಿರು ಕಟ್ಟಿತ್ತು. ಚುಚ್ಚುಮದ್ದು ಕೊಟ್ಟ ಮೇಲೆ ಮಾತು ಬಂದಾಗ ಅವಳು ಮೊದಲು ಹೇಳಿದ್ದೇನು ಗೊತ್ತೇ? "ಅಜ್ಜೀಗೆ ಬೈಬೇಡಮ್ಮ, ಅದು ತುಂಬಾ ರುಚಿಯಾಗಿತ್ತು."

ಅದಕ್ಕೇ ಬೈಯುತ್ತಿಲ್ಲ. ಆದರೆ ಬಗ್ಗುವುದೂ ಇಲ್ಲ. ನಲವತ್ತು ವರ್ಷ ಈ ಅಡುಗೆಮನೆ ನಿಮ್ಮ ಮಾತಿನಂತೆ ನಡೆಯಿತು. ಇನ್ನು ನನ್ನ ಮಗಳ ಉಸಿರಿನಂತೆ ನಡೆಯುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಫೋನ್ ಮಾಡಿ ಹೇಳಿ, ಅವಳನ್ನು ಅಲ್ಲಿಂದಲೇ ತವರಿಗೆ ಕರೆದೊಯ್ಯುತ್ತೇನೆ. ಒಪ್ಪಿಗೆಯಿದ್ದರೆ ಎರಡು ಗಂಟೆಗೆ ಬಾಗಿಲಲ್ಲಿ ನಿಂತಿರಿ. ಕಾರಿನಿಂದ ಇಳಿದವಳು ಹುಡುಕುವುದು ನಿಮ್ಮನ್ನೇ.

ಶುಷಾನ್