ಮೂಟೆಗೆ ಮೂರು ಹಿಡಿ

ಮಾವ,

ಕಾಫಿ ಪಿಕ್ಕಿಂಗ್‌ಗೆ ಜನ ಬಂದಾಯ್ತು, ನಾನು ತೋಟಕ್ಕೆ ಹೊರಟೆ. ಕಡಂಬುಟ್ಟು ಪಾತ್ರೆಯಲ್ಲಿದೆ. ಮೋಕ್ಷಿತಾ ಶಾಲೆಯಿಂದ ಬಂದು ತಿನ್ನೋದಕ್ಕೆ ದಯವಿಟ್ಟು ನಾಲ್ಕಾದರೂ ಉಳಿಸಿ.

ಹತ್ತನೇ ಕ್ಲಾಸಿನಲ್ಲೇ ಕಾಲೇಜಿನವರ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿಗೆ ಹಟ ಮಾಡಿ ಸೇರಿದವಳು, ಮೊದಲನೇ ಟೆಸ್ಟಿನಲ್ಲಿ ಮಾರ್ಕು ಕಮ್ಮಿ ಬಂತು ಅಂತ ಈಗ ‘ನನ್ನ ಕೈಲಾಗಲ್ಲ, ಬಿಡ್ತೇನೆ’ ಅಂತಿದ್ದಾಳೆ. ‘ಪಾಪ, ಬಿಡಲಿ’ ಅನ್ನಬೇಡಿ. ಮೊಮ್ಮಗಳ ಮೇಲಿನ ನಿಮ್ಮ ಮುದ್ದು ನನಗೆ ಗೊತ್ತಿಲ್ಲವಾ! ‘ನಾನು ಓದಿದ್ದು ನಾಲ್ಕನೇ ಕ್ಲಾಸು’ ಅಂತ ಜಾರಿಕೊಳ್ಳಲೂಬೇಡಿ.

ನಿನ್ನೆ ಅವಳ ಪುಸ್ತಕ ತೆಗೆದು ನೋಡಿದೆ. ಸ್ವಲ್ಪವೇ ನೋಡಿ ಇಡೀ ರಾಶಿ ಹೇಗಿದೆ ಅಂತ ಹೇಳುವುದು ಹೇಗೆ, ಅಷ್ಟೇ ಆ ಪಾಠ. ಮೂಟೆಯ ಮೇಲಿಂದ, ನಡುವಿಂದ, ಅಡಿಯಿಂದ ಒಂದೊಂದು ಹಿಡಿ ತೆಗೆದು ನೀವು ಕಾಫಿ ನೋಡ್ತೀರಲ್ಲ, ಅದೇ!

ಉಗ್ರಾಣದಲ್ಲಿ ಒಂದು ಮೂಟೆ ಬಿಚ್ಚಿಟ್ಟಿದ್ದೇನೆ. ಅವಳ ಕೈಯನ್ನೇ ಹಾಕಿಸಿ. ಮೇಲಿನ ಒಂದೇ ಹಿಡಿ ಯಾಕೆ ಸಾಲದು ಅಂತ ಅವಳೇ ಹೇಳಬೇಕು, ನೀವು ಬಾಯಿ ಬಿಡಬಾರದು.

ಅವಳು ಸರಿಯಾಗಿ ಹೇಳಿದ ಮೇಲೆ ಆ ಟೆಸ್ಟಿನ ಪೇಪರ್ ಮುಂದಿಟ್ಟು ಕೇಳಿ: ‘ಹಾಗಾದರೆ ಮಗಳೇ, ಈ ಒಂದು ಹಿಡಿ ನೋಡಿ ಇಡೀ ಮೂಟೆ ಎಸೀತೀಯಾ?’

ಯಮುನ