ಆಲಿಕೆಯವರ ಮುಂದೆ ಸಾವಂತ್ರಿ ಆಡಿದ ಮಾತು

ವಿಜಯಪುರ, ಫೆಬ್ರವರಿ ಮೂವತ್ತು, ೨೧೯೪

ಬೇರೆಯಾಗಲು ಹೊರಟಿರುವ ಹಿಂದಿನ ಕಾಲದ ತಂದೆತಾಯಿಗಳಿಗೆ ಗುರುಶಾಂತನ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಇಟ್ಟಿದ್ದಾರೆ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಪುಸ್ತಕಗಳಿಂದ ಕಲಿತವನು ನಾನು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಇದನ್ನು ನಿಮಗೇ ಏಕೆ ಬರೆಯುತ್ತಿದ್ದೇನೆಂದು ನನಗೂ ಸರಿಯಾಗಿ ತಿಳಿಯದು. ಇಲ್ಲಿ ಯಾರ ಮುಂದೆ ಹೇಳಿಕೊಂಡರೂ ಎಲ್ಲ ಸರಿಹೋಯಿತಲ್ಲ ಎನ್ನುತ್ತಾರೆ.

ನಾನು ನೆರಳುಗಾರ. ಬಿಸಿಲು ತಡೆಯಲೆಂದು ನಮ್ಮೂರಿನ ಬೀದಿಗಳ ಮೇಲೆಲ್ಲ ಬಟ್ಟೆಯ ಚಾವಣಿ ಇದೆ. ಹರಿದ ಕಡೆ ಹೊಲಿಯುವುದು ನನ್ನ ಕೆಲಸ. ನನ್ನ ಹೆಂಡತಿಯಾಗಿದ್ದ ನೀಲಾಂಬಿಕಾ ಬೀಜದ ಉಗ್ರಾಣದಲ್ಲಿದ್ದಳು. ಹನ್ನೊಂದು ವರ್ಷ ಸಂಸಾರ ಮಾಡಿ ಹೋದ ವರ್ಷ ಬೇರೆಯಾದೆವು. ಮಗಳು ಸಾವಂತ್ರಿಗೆ ಎಂಟು ವರ್ಷ. ನಮ್ಮ ಕಾನೂನಿನಲ್ಲಿ ವಿಚ್ಛೇದನವಾದರೆ ಮನೆ ಮಗುವಿನದು. ಮಗು ಅಲ್ಲೇ ಇರುತ್ತದೆ; ತಂದೆ ಹದಿನೈದು ದಿನ, ತಾಯಿ ಹದಿನೈದು ದಿನ ಬಂದಿರುತ್ತಾರೆ. ಇದಕ್ಕೆ ಸರದಿ ಎನ್ನುತ್ತೇವೆ. ನೀವು ಜೀವನಾಂಶ ಎನ್ನುವುದು ನಮ್ಮಲ್ಲಿ ಬಾಳುಪಾಲು. ಇಬ್ಬರ ಸಂಬಳದಿಂದಲೂ, ಕೈಗೆ ಬರುವ ಮೊದಲೇ, ಮಗುವಿನ ಅನ್ನ, ಶಾಲೆ, ಔಷಧಿಗೆ ಹೋಗಿಬಿಡುತ್ತದೆ. ಹಾಗಾಗಿ ಜಗಳಕ್ಕೆ ಏನೂ ಉಳಿದಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ನೀಲಾಂಬಿಕಾಗೆ ಬೆಳಗಾವಿಯ ದೊಡ್ಡ ಉಗ್ರಾಣದ ಹೊಣೆ ಸಿಕ್ಕಿತು. ಮಗಳನ್ನು ಕರೆದೊಯ್ಯುತ್ತೇನೆ ಎಂದಳು. ಬಿಡುವುದಿಲ್ಲ ಎಂದೆ. ಇಂಥ ಸಂದರ್ಭದಲ್ಲಿ ಮಗುವನ್ನು ನಾವು ನ್ಯಾಯಾಲಯಕ್ಕೆ ಕರೆಯುವುದಿಲ್ಲ. ಆಲಿಕೆಯವರು ಎಂಬ ಅಧಿಕಾರಿಗಳು ಮನೆಗೇ ಬಂದು, ಮೂರು ದಿನ ಮಗುವಿನ ಜೊತೆಗಿದ್ದು, ಅದು ಹೇಳುವುದನ್ನು ಕೇಳುತ್ತಾರೆ. ನಮ್ಮಲ್ಲಿಗೆ ಬಂದವರು ಮಹಬೂಬಿ ಎಂಬ ಹಿರಿಯರು. ಸಾವಂತ್ರಿಯ ಪಕ್ಕ ಕೂತು ಅವರೆಕಾಯಿ ಸುಲಿದರು, ಅವಳಿಗೆ ರೊಟ್ಟಿ ತಟ್ಟಲು ಕಲಿಸಿದರು.

ಅವರು ಬರುವ ಮುನ್ನ ನಾನೊಂದು ಕೆಲಸ ಮಾಡಿದ್ದೆ. ಹೇಳಲು ನಾಚಿಕೆಯಾಗುತ್ತದೆ. ಮಗಳ ತಲೆ ಬಾಚುತ್ತಾ, "ಬೆಳಗಾವ್ಯಾಗ ನಿನ್ನ ಗೆಳತ್ಯಾರು ಸಿಗಂಗಿಲ್ಲ. ಯಾರರ ಕೇಳಿದ್ರ ಹಂಗ ಹೇಳು" ಎಂದು ನಾಲ್ಕು ಸಲ ಹೇಳಿಕೊಟ್ಟಿದ್ದೆ.

ಮೂರನೆಯ ದಿನ ಸಂಜೆ ಮಹಬೂಬಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ನಿಮ್ಮ ಮಗಳು ಎರಡು ಮಾತು ಹೇಳಿದಳ್ರೀ. ಬೆಳಗಾವ್ಯಾಗ ಗೆಳತ್ಯಾರು ಸಿಗಂಗಿಲ್ಲ ಅಂತ ಒಂದು. ಅಪ್ಪಗ ಕೆಲಸ ಭಾಳ, ನನ್ನ ಮ್ಯಾಲೆ ಲಕ್ಷ್ಯ ಇರಂಗಿಲ್ಲ ಅಂತ ಇನ್ನೊಂದು. ಎರಡನ್ನೂ ಪಾಠ ಒಪ್ಪಿಸಿದಂಗ ಒಪ್ಪಿಸಿದಳು."

ನೀಲಾಂಬಿಕಾ ತಲೆ ತಗ್ಗಿಸಿದಳು. ಅವಳೂ ಹೇಳಿಕೊಟ್ಟಿದ್ದಾಳೆಂದು ನನಗೆ ತಿಳಿದದ್ದು ಆಗಲೇ.

"ಹಂಗಾದ್ರ ಅಕಿ ಮಾತು ಯಾವುದ್ರೀ?" ಎಂದೆ.

"'ನನಗ ತಿಳೀವಲ್ದು' ಅಂದಳು. ಅದೊಂದ ಅಕಿದು. ನಾ ಅಷ್ಟ ಬರಕೊಂಡೀನಿ. ಇನ್ನ ಅಕಿನ್ನ ಯಾರೂ ಕೇಳೂಹಂಗಿಲ್ಲ. ನೀವಿಬ್ಬರೂ ಕೂತು ಮಾತಾಡ್ರಿ."

ಅವರು ಹೋದ ಮೇಲೆ ನಾವು ಹೊರಗಿನ ಕಟ್ಟೆಯ ಮೇಲೆ ಕೂತೆವು. ಎಷ್ಟೋ ತಿಂಗಳ ಮೇಲೆ ಹಾಗೆ ಕೂತದ್ದು.

"ನೀ ಹೋಗು" ಎಂದೆ. "ಸಾಲಿ ಇದ್ದಾಗ ಅಕಿ ಇಲ್ಲೇ ಇರ್ಲಿ. ರಜಾ ಪೂರಾ ನಿನ್ನ ಹಂತ್ಯಾಕ."

"ನಡುವ ನನ್ನ ನೆನೆಸಿ ಅತ್ತರ?"

"ಅವತ್ತ ಕರ್ಕೊಂಡ ಬರ್ತೀನಿ."

ನೀಲಾಂಬಿಕಾ ಒಪ್ಪಿದಳು. ಒಪ್ಪುವಾಗ ಅತ್ತಳು. ಗೆದ್ದೆನೆಂದು ನನಗೆ ಅನ್ನಿಸಲೇ ಇಲ್ಲ.

ಅವಳು ಹೋಗಿ ಹನ್ನೆರಡನೆಯ ದಿನ, ಶಾಲೆಗೆ ಹೊರಟ ಸಾವಂತ್ರಿ ಬಾಗಿಲಲ್ಲೇ ಕೂತು ಅಮ್ಮ ಬೇಕೆಂದು ಅತ್ತಳು. ಕೆಲವು ದಿನ ತಾಯಿಯ ಹತ್ತಿರ ಬಿಟ್ಟು ಬರಲೆಂದು ಮಧ್ಯಾಹ್ನದ ರೈಲು ಹತ್ತಿದೆವು. ಬೆಳಗಾವಿ ನಿಲ್ದಾಣದಲ್ಲಿ ತಾಯಿಯನ್ನು ಕಂಡದ್ದೇ ಓಡಿಹೋಗಿ ತಬ್ಬಿಕೊಂಡಳು. ಆಮೇಲೆ ತಿರುಗಿ ಬಂದು, ನನ್ನ ಅಂಗಿಯ ತೋಳು ಹಿಡಿದಳು.

"ಅಪ್ಪಾ, ನೀ ಯಾವಾಗ ಹೋಗ್ತಿ?"

ಇರಲೆಂದು ಕೇಳಿದಳೋ, ಬೇಗ ಹೋಗಲೆಂದು ಕೇಳಿದಳೋ ತಿಳಿಯಲಿಲ್ಲ. ನೀಲಾಂಬಿಕಾಳ ಮುಖ ನೋಡಿದೆ. ಅವಳಿಗೂ ತಿಳಿದಂತೆ ಕಾಣಲಿಲ್ಲ. ಇರಲೇನವಾ, ಹೋಗಲೇನು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಊಟಾ ಮಾಡಿ ಹೋಗ್ತೀನವಾ."

ತೋಳು ಬಿಟ್ಟಳು. ಅವಳಿಗೆ ಸಮಾಧಾನವಾಯಿತೋ, ಬೇಸರವಾಯಿತೋ, ಅದೂ ಗೊತ್ತಾಗಲಿಲ್ಲ. ಮೂವರೂ ನಿಲ್ದಾಣದ ಖಾನಾವಳಿಯಲ್ಲಿ ಉಂಡೆವು. ಸಾವಂತ್ರಿ ಅನ್ನವನ್ನು ಒಂದೊಂದೇ ಅಗುಳಾಗಿ ತಿಂದಳು, ಊಟ ಮುಗಿಯಬಾರದೆಂಬಂತೆ. ಅಥವಾ ಹಸಿವಿರಲಿಲ್ಲವೇನೋ.

ನಿಮ್ಮ ಕಾಲದಲ್ಲಿ ಆಲಿಕೆಯವರು ಇಲ್ಲವೆಂದು ಓದಿದ್ದೇನೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ನಿಮ್ಮ ಮಗುವಿನ ಬಾಯಲ್ಲಿ ನಿಮ್ಮ ಮಾತು ಇಡಬೇಡಿ. ತಿಳಿಯದು ಎಂದರೆ ಅದನ್ನೇ ಉತ್ತರವೆಂದು ತೆಗೆದುಕೊಳ್ಳಿ. ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ಸಾವಂತ್ರಿ ದೊಡ್ಡವಳಾಗಿ ಹೇಳಿಯಾಳು. ಹೇಳದೆಯೂ ಇದ್ದಾಳು. ನಾನಾಗಿ ಕೇಳುವುದಿಲ್ಲ.