ಬಲಗಡೆಯ ಕನ್ನಡಿ

ಜೂನ್ ೧೪, ಶನಿವಾರ. ನೆಬ್ರಾಸ್ಕಾ.

ನಿನ್ನೆಯಂತೆ ಇವತ್ತೂ ನನ್ನ ಗಂಡ ವರ್ಲಿನ್ ನಮ್ಮ ಮನೆಗಾಡಿಯನ್ನು ನಲ್ಲಿಯ ಕಂಬಕ್ಕೆ ಗುದ್ದಿಸಿದ. ದಿನವಿಡೀ ಹೆದ್ದಾರಿಯಲ್ಲಿ ನೆಟ್ಟಗೆ ಓಡಿಸುವವನಿಗೆ ರಾತ್ರಿ ಗಾಡಿ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡಿನಲ್ಲಿ ರಿವರ್ಸ್ ತೆಗೆಯುವಾಗ ಮಾತ್ರ ಹೆಂಡತಿ ಕಾಣುವುದಿಲ್ಲ. ಅವನು ಕೂರುವುದು ಎಡಗಡೆ. ಅದಕ್ಕೇ ನಾನೂ ಎಡಗಡೆಯ ಕನ್ನಡಿಗೆ ಕಾಣುವಂತೆ ನಿಂತು ಎರಡೂ ಕೈ ಬೀಸುತ್ತೇನೆ. ಪಕ್ಕದ ಗಾಡಿಯವರು ಕುರ್ಚಿ ಹಾಕಿಕೊಂಡು, ಬಿಯರ್ ಹಿಡಿದು ನೋಡುತ್ತಿದ್ದರು.

"ನಿಲ್ಸು ಅಂದ್ರೆ ಕೇಳ್ಸಲ್ವಾ? ಗಂಟಲು ಹರ್ಕೊಂಡೆ!"

"ನೀನೆಲ್ಲಿದ್ದೆ ಮಾರಾಯ್ತಿ? ಕನ್ನಡೀಲಿ ಯಾರೂ ಇರ್ಲಿಲ್ಲ."

"ಯಾವ ಕನ್ನಡೀಲಿ?"

ಅವನು ಬಲಗಡೆಯದನ್ನು ತೋರಿಸಿದ.

ಬಲಗಡೆ ನಿಲ್ಲುತ್ತಿದ್ದವಳು ನಮ್ಮ ಮಗಳು ಜನೆಲ್. ಚಿಕ್ಕಂದಿನಿಂದಲೂ ಅಲ್ಲೇ ನಿಂತು ಟೋಪಿ ಬೀಸುತ್ತಿದ್ದಳು. ಅದು ತಪ್ಪು ಬದಿ ಎಂದರೆ, "ಅಪ್ಪಂಗೆ ಕಾಣ್ಸುತ್ತಲ್ಲ, ಬಿಡಮ್ಮ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಇದೇ ನಮ್ಮ ಮೊದಲ ಪ್ರವಾಸ.

ಒಡೆದ ಹಿಂದಿನ ದೀಪಕ್ಕೆ ಟೇಪು ಸುತ್ತಿ ಬಂದವನು ಊಟವೂ ಮಾಡದೆ ಮಲಗಿದ್ದಾನೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ವಯೋಮಿಂಗ್‌ನಲ್ಲೂ ರಿವರ್ಸ್ ತೆಗೆಯಬೇಕು. ಹಾಳಾಗಿ ಹೋಗಲಿ, ಬಲಗಡೆಯೇ ನಿಲ್ಲುತ್ತೇನೆ. ಅವಳ ಟೋಪಿ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಬೀಸಲು ಅದೇ ಆದೀತು.